ತಿರುವಿನಾಚೆ ತೊಗರಿ ಒಕ್ಕಣೆ

ಹುಮನಾಬಾದ್ ಬೇಸ್ ದಾಟಿ ಬೈಕು ಕಮಲಾಪುರದ ಕಡೆ ಮುಖ ಮಾಡಿತೆಂದರೆ ಕಲಬುರಗಿಯ ಹುಡುಗರ ಮಾತೆಲ್ಲ ಒಂದೇ: ‘ಗಾಡಿ ಎಷ್ಟು ಓಡ್ತದ?’ ತಿರುವಿನಲ್ಲಿ ಎಷ್ಟು ಓಡಿಸಬೇಕೆಂದು ಕೇಳಿದವರನ್ನು ನಾನು ಕಂಡಿಲ್ಲ. ನೇರ ರಸ್ತೆಯಲ್ಲಿ ರೇಸ್ ಕೊಡಲು ಮಣಿಕಟ್ಟು ಗಟ್ಟಿ ಇದ್ದರೆ ಸಾಕು. ಸವಾರನ ಕಸುಬು ಬಯಲಾಗುವುದು ರಸ್ತೆ ಬಾಗಿದಾಗ.

ಲೆಕ್ಕ ಸರಳ, ಆದರೆ ಕ್ರೂರ. ತಿರುವಿನಲ್ಲಿ ಟೈರು ನೆಲವನ್ನು ಹಿಡಿದುಕೊಳ್ಳಬೇಕಾದ ಬಲ ವೇಗದ ವರ್ಗದಷ್ಟು ಏರುತ್ತದೆ. 40ರಿಂದ 60ಕ್ಕೆ ಹೋದರೆ ವೇಗ ಹೆಚ್ಚಿದ್ದು ಒಂದೂವರೆ ಪಟ್ಟು, ಬೇಕಾದ ಹಿಡಿತ ಎರಡೂಕಾಲು ಪಟ್ಟು. 30 ಮೀಟರ್ ತ್ರಿಜ್ಯದ ತಿರುವನ್ನು 40ರಲ್ಲಿ ತೆಗೆದುಕೊಂಡರೆ ಬೈಕು ಸುಮಾರು 23 ಡಿಗ್ರಿ ವಾಲುತ್ತದೆ. ಒಗ್ಗಿಕೊಂಡವರಿಗೆ ಅದೊಂದು ಸುಖ. ಅದೇ ತಿರುವಿಗೆ 60 ಅಂದರೆ 43 ಡಿಗ್ರಿ. ದಿನಬಳಕೆಯ ಬೈಕಿನಲ್ಲಿ ಅಷ್ಟು ವಾಲುವ ಮೊದಲೇ ಫುಟ್‌ರೆಸ್ಟ್ ನೆಲಕ್ಕೆ ಉಜ್ಜಿರುತ್ತದೆ. ಮೋಟೋಜಿಪಿ ಸವಾರರು 60 ಡಿಗ್ರಿಗೂ ಮಿಕ್ಕಿ ವಾಲುತ್ತಾರೆ, ನಿಜ. 2023ರಲ್ಲಿ ಅವರು ನೊಯ್ಡಾ ಬಳಿಯ ಬುದ್ಧ್ ಸರ್ಕ್ಯೂಟ್‌ಗೆ ಬಂದು ಹೋದ ಮೇಲೆ ಮೊಬೈಲಿನಲ್ಲಿ ಅದನ್ನೇ ನೋಡಿ ಮೊಣಕಾಲು ಚಾಚುವವರು ನಮ್ಮಲ್ಲೂ ಹೆಚ್ಚಿದ್ದಾರೆ. ಅವರ ಟೈರು ಬೇರೆ, ಡಾಂಬರು ಬೇರೆ. ಮುಖ್ಯವಾಗಿ, ಅವರ ತಿರುವಿನಾಚೆ ಎಮ್ಮೆ ನಿಂತಿರುವುದಿಲ್ಲ.

ನನ್ನ ತಕರಾರು ಇಲ್ಲೇ ಇದೆ. ನಮ್ಮ ಕಡೆ ತಿರುವಿನ ವೇಗವನ್ನು ಗೊತ್ತುಮಾಡಬೇಕಾದದ್ದು ಟೈರಿನ ತಾಕತ್ತಲ್ಲ, ಕಣ್ಣಿಗೆ ಕಾಣುವಷ್ಟು ರಸ್ತೆ. ರಸ್ತೆ ಎಂಜಿನಿಯರುಗಳ ಕೈಪಿಡಿ ಹೇಳುವಂತೆ 40ರಲ್ಲಿರುವ ವಾಹನ ಅಡ್ಡಿ ಕಂಡು ನಿಲ್ಲಲು 45 ಮೀಟರ್ ಬೇಕು, 60ರಲ್ಲಿದ್ದರೆ 80 ಮೀಟರ್. ಬಳ್ಳಾರಿ ಜಾಲಿ ಬೆಳೆದು ತಿರುವಿನ ಒಳಬದಿ ಮುಚ್ಚಿಹೋಗಿ 40 ಮೀಟರಷ್ಟೇ ಕಾಣುತ್ತಿದ್ದರೆ, ಎಂಥ ಟೈರು ಹಾಕಿಸಿದ್ದರೂ 40 ಕೂಡ ಹೆಚ್ಚೇ.

ಡಿಸೆಂಬರ್, ಜನವರಿಯಲ್ಲಿ ಬನ್ನಿ, ಗೊತ್ತಾಗುತ್ತದೆ. ತೊಗರಿ ಕಟಾವಾದ ಮೇಲೆ ಕಣ ಮಾಡಲು ಪುರುಸೊತ್ತಿಲ್ಲದವರು ಬೆಳೆಯನ್ನು ರಸ್ತೆಗೇ ಹರಡುತ್ತಾರೆ. ಹೋಗಿಬರುವ ಗಾಡಿಗಳೇ ಒಕ್ಕಣೆಯ ಯಂತ್ರ. ಕಾರಿನವನಿಗೆ ಅದು ಬರಿಯ ಸದ್ದು. ಎರಡು ಗಾಲಿಯವನಿಗೆ ಟೈರಿನ ಕೆಳಗೆ ಉರುಳುವ ಕಾಳು, ಜಾರುವ ಕಟ್ಟಿಗೆ. ಅದರ ಮೇಲೆ ವಾಲಿದ ಬೈಕಿನ ಬ್ರೇಕ್ ಹಿಡಿದರೆ ಮುಗಿಯಿತು. ರೈತನನ್ನು ಬೈದು ಉಪಯೋಗವಿಲ್ಲ, ಕಣಕ್ಕೆ ಜಾಗ ಯಾರು ಕೊಟ್ಟಿದ್ದಾರೆ? ಮಳೆಗಾಲದಲ್ಲಿ ಇನ್ನೊಂದು ತಾಪತ್ರಯ. ಹೊಲದಿಂದ ಬಂದ ಟ್ರ್ಯಾಕ್ಟರ್ ಗಾಲಿಗೆ ಅಂಟಿದ ಎರೆಮಣ್ಣು ಡಾಂಬರಿನ ಮೇಲೆ ಹಾಸಿಕೊಂಡು, ನಾಲ್ಕು ಹನಿ ಬಿದ್ದರೂ ಸಾಬೂನಾಗುತ್ತದೆ. ಎರೆ ನೆಲ ನೀರು ಕುಡಿದು ಉಬ್ಬಿ, ಒಣಗಿ ಬಿರಿಯುವುದರಿಂದ ಮೇಲಿನ ರಸ್ತೆಯೂ ಅಲೆಅಲೆಯಾಗುತ್ತದೆ. ತಿರುವಿನ ನಡುವೆ ಅಂಥ ಉಬ್ಬು ಸಿಕ್ಕರೆ ಟೈರು ಕ್ಷಣಕಾಲ ಹಗುರಾಗಿ ಹಿಡಿತ ಬಿಡುತ್ತದೆ. ಮೇ ತಿಂಗಳ ಮಧ್ಯಾಹ್ನ ಕೆಲವು ಕಡೆ ಡಾಂಬರೇ ಬೆವರಿ ಮಿರುಗುತ್ತಿರುತ್ತದೆ. ಹೊಳೆಯುವ ಕಪ್ಪು ಪಟ್ಟಿಯನ್ನು ನಾನು ಯಾವ ಕಾಲದಲ್ಲೂ ನಂಬುವುದಿಲ್ಲ.

ಹಾಗಾದರೆ ವೇಗ ಆರಿಸುವುದು ಹೇಗೆ? ದೂರದಲ್ಲಿ ರಸ್ತೆಯ ಎರಡೂ ಅಂಚು ಕೂಡಿದಂತೆ ಕಾಣುವ ಜಾಗವನ್ನು ನೋಡುತ್ತಿರಿ. ನೀವು ಮುಂದೆ ಹೋದಂತೆ ಆ ಜಾಗವೂ ಮುಂದೆ ಸರಿಯುತ್ತಿದ್ದರೆ ತಿರುವು ಬಿಚ್ಚಿಕೊಳ್ಳುತ್ತಿದೆ. ಅದು ನಿಂತಲ್ಲೇ ನಿಂತು ನೀವೇ ಅದರ ಹತ್ತಿರ ಹೋಗುತ್ತಿದ್ದರೆ ವೇಗ ಇಳಿಸಬೇಕು, ಅದೂ ಗಾಡಿ ನೆಟ್ಟಗಿರುವಾಗಲೇ. ಬ್ರೇಕು, ಗೇರು ಎಲ್ಲ ತಿರುವಿಗೆ ಮೊದಲೇ ಮುಗಿದಿರಬೇಕು. ವಾಲಿದ ಮೇಲೆ ಉಳಿಯುವ ಕೆಲಸ ಎರಡೇ: ಹೊರಬೀಳುವ ದಿಕ್ಕಿಗೆ ಕಣ್ಣು, ಒಂದೇ ಸಮ ರೇಸ್. 2019ರ ಏಪ್ರಿಲ್‌ನಿಂದ 125 ಸಿಸಿಗೆ ಮೇಲ್ಪಟ್ಟ ಹೊಸ ಬೈಕುಗಳಿಗೆಲ್ಲ ಎಬಿಎಸ್ ಕಡ್ಡಾಯವಾಯಿತು. ಒಳ್ಳೆಯದೇ. ಆದರೆ ಮಾಮೂಲಿ ಎಬಿಎಸ್ ಕಾಯುವುದು ನೆಟ್ಟಗೆ ಓಡುವ ಗಾಲಿ ಸಿಕ್ಕಿಕೊಳ್ಳದಂತೆ. ವಾಲಿದಾಗ ಜಾರುವುದನ್ನು ಅದು ತಡೆಯುತ್ತದೆಂದು ಶೋರೂಮಿನವರು ಹೇಳಿದರೆ ಚಹಾ ಕುಡಿದು ಎದ್ದುಬನ್ನಿ.

ಪುಸ್ತಕಗಳು ಹೇಳುವ ಇನ್ನೊಂದು ಮಾತನ್ನು ಇಲ್ಲಿ ಅರ್ಧ ಮಾತ್ರ ಒಪ್ಪುತ್ತೇನೆ. ಎಡ ತಿರುವಿನಲ್ಲಿ ಹೆಚ್ಚು ದೂರ ಕಾಣಲೆಂದು ನಡುಗೆರೆಯ ಹತ್ತಿರ ಹೋಗಿ ಎನ್ನುತ್ತಾರೆ. ಡಿವೈಡರ್ ಇಲ್ಲದ ನಮ್ಮ ದಾರಿಯಲ್ಲಿ ಎದುರಿನ ಲಾರಿಯೂ ತಿರುವು ಕತ್ತರಿಸಿಕೊಂಡು ಅದೇ ಗೆರೆಯ ಮೇಲೆ ಬರುತ್ತಿರುತ್ತದೆ. ಈ ದಾರಿ ಸಣ್ಣದಲ್ಲ, ರಾತ್ರಿಯಿಡೀ ದೂರದೂರಿನ ಬಸ್ಸು ಲಾರಿಗಳು ಓಡುತ್ತವೆ. 2022ರ ಜೂನ್ 3ರ ಬೆಳಗ್ಗೆ ಕಮಲಾಪುರದ ಹೊರವಲಯದಲ್ಲಿ ಗೋವಾದಿಂದ ಹೈದರಾಬಾದಿಗೆ ಹೊರಟಿದ್ದ ಬಸ್ಸು ಗೂಡ್ಸ್ ವಾಹನಕ್ಕೆ ಡಿಕ್ಕಿಯಾಗಿ, ಬೆಂಕಿ ಹತ್ತಿ, ಏಳು ಜನ ಸುಟ್ಟುಹೋದರು. ಆ ಊರಿನ ಆಚೀಚೆ ನಡುಗೆರೆಯಿಂದ ಒಂದು ಮಾರು ದೂರ ಇರುವುದೇ ನನ್ನ ರೂಢಿ. ಕಡಿಮೆ ಕಂಡರೆ ವೇಗ ಇನ್ನೂ ಇಳಿಸಿದರಾಯಿತು. ಬಲ ತಿರುವಿನಲ್ಲಿ ಮತ್ತೊಂದು ಸೂಕ್ಷ್ಮ ಇದೆ: ಗಾಲಿ ಗೆರೆಯ ಒಳಗಿದ್ದರೂ ವಾಲಿದ ಸವಾರನ ತಲೆ ಗೆರೆ ದಾಟಿ ಎದುರಿನವರ ದಾರಿಯಲ್ಲಿರುತ್ತದೆ.

ಹಿಂದೆ ಸೀರೆಯುಟ್ಟು ಒಂದೇ ಬದಿಗೆ ಕಾಲು ಹಾಕಿ ಕೂತ ಅವ್ವ ಇದ್ದರೆ ಈ ಲೆಕ್ಕದಿಂದ ಇನ್ನೂ ಐದು ಕಳೆಯಿರಿ. ಅವರು ಗಾಡಿಯ ಜೊತೆ ವಾಲುವುದಿಲ್ಲ, ‘ನಿಧಾನ ಹೋಗೋ ಯಪ್ಪಾ’ ಎಂದು ಎದುರು ಬದಿಗೆ ಸೆಟೆಯುತ್ತಾರೆ.

ನಿಮ್ಮ ವೇಗ ಸರಿಯಿತ್ತೋ ಇಲ್ಲವೋ ತಿರುವಿನ ಕೊನೆಯೇ ಹೇಳುತ್ತದೆ. ಅಲ್ಲಿ ಗಾಡಿಯನ್ನು ಎತ್ತುತ್ತ ಸಲೀಸಾಗಿ ರೇಸ್ ಕೊಡಲು ಬಂದರೆ ಸರಿ. ರೇಸ್ ಬಿಟ್ಟು ಮೈ ಬಿಗಿ ಹಿಡಿಯಬೇಕಾಯಿತೆಂದರೆ ಒಳಹೋಗುವಾಗಲೇ ಹೆಚ್ಚಾಗಿತ್ತು. ಹೀಗೆ ಒಂದೊಂದು ತಿರುವನ್ನೂ ಪಳಗಿಸಿಕೊಂಡು ಕಮಲಾಪುರ ಮುಟ್ಟಿ, ಕೆಂಪು ಬಾಳೆಹಣ್ಣು ಕಟ್ಟಿಸಿಕೊಂಡು ಹೊರಟರೆ, ಬರುವಾಗ ಎಡಕ್ಕಿದ್ದದ್ದೆಲ್ಲ ಈಗ ಬಲಕ್ಕೆ. ಜಾಲಿ ಮರೆಮಾಡುವ ಬದಿ ಬೇರೆ, ಇಳಿಜಾರಿದ್ದದ್ದು ಏರು, ಬಿಸಿಲು ಕಣ್ಣಿಗೆ ಎದುರು. ಲೆಕ್ಕ ಮೊದಲಿನಿಂದ ಹಾಕಬೇಕು.