ಪ್ರತಿಕೃತಿಕವಚಗಳ ಪ್ರಾಮಾಣ್ಯವಿಚಾರ

ಯೂರೋಪು ಖಂಡದ ಮಧ್ಯಯುಗದ ಯೋಧರು ಧರಿಸುತ್ತಿದ್ದ ಉಕ್ಕಿನ ಫಲಕಕವಚಗಳನ್ನು ಈ ಕಾಲದ ಕಮ್ಮಾರರು ಹೊಸದಾಗಿ ರಚಿಸುವುದೂ, ವಿದ್ವಾಂಸರು ಅವನ್ನು ತೊಟ್ಟವರ ನಡಿಗೆ ಓಟ ಉಸಿರಾಟಗಳನ್ನು ಅಳೆದು, ಅವುಗಳ ಮೇಲೆ ಬಾಣಗಳನ್ನು ಪ್ರಯೋಗಿಸಿ, ಕಂಡ ಫಲದಿಂದ ಹಿಂದಿನ ಯುದ್ಧಗಳ ವಿಷಯದಲ್ಲಿ ನಿರ್ಣಯಗಳನ್ನು ಹೇಳುವುದೂ ಈಚೆಗೆ ಒಂದು ಶಾಸ್ತ್ರದಂತೆಯೇ ಬೆಳೆದು ಬಂದಿದೆ. ಈ ನಿರ್ಣಯಗಳಲ್ಲಿ ಕೆಲವು ಒಂದನ್ನೊಂದು ಅಲ್ಲಗಳೆಯುತ್ತವೆ. ಕವಚ ತೊಟ್ಟವನು ಬೇಗನೆ ದಣಿದು ಬೀಳುತ್ತಿದ್ದನೆಂದು ಒಬ್ಬರು, ಅವನು ಏಣಿ ಹತ್ತಿ ಲಾಗ ಹಾಕುತ್ತಿದ್ದನೆಂದು ಮತ್ತೊಬ್ಬರು. ಇಂಗ್ಲೆಂಡಿನ ದೀರ್ಘಧನುಸ್ಸಿನ ಮುಂದೆ ಯಾವ ಕವಚವೂ ನಿಲ್ಲುತ್ತಿರಲಿಲ್ಲವೆಂದು ಕೆಲವರು, ಬಾಣವು ಕವಚಕ್ಕೆ ತಗುಲಿ ಪುಡಿಯಾಗುತ್ತಿತ್ತೆಂದು ಹಲವರು. ಎಲ್ಲರೂ ಪ್ರಯೋಗವನ್ನೇ ಆಧಾರವಾಗಿ ತೋರಿಸುತ್ತಾರೆ. ಇಂತಿರಲು, ಪ್ರತಿಕೃತಿಯಲ್ಲಿ ಕಂಡುದನ್ನು ಮೂಲಕ್ಕೆ ಎಷ್ಟು ಮಟ್ಟಿಗೆ ಆರೋಪಿಸಬಹುದೆಂಬ ವಿಚಾರವು ಮೊದಲು ನಡೆಯತಕ್ಕದ್ದಾಗಿದೆ. ಓಲೆಯ ಪ್ರತಿಗಳನ್ನು ಹಿಡಿದು ಪಾಠನಿರ್ಣಯ ಮಾಡುವವರಿಗೆ ಈ ಪ್ರಶ್ನೆ ಅಪರಿಚಿತವಲ್ಲ.

ಪರಿಭಾಷೆಯ ವಿಷಯವಾಗಿ ಒಂದು ಮಾತು. ಮೈಸೂರಿನಲ್ಲಿ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದ ಆಯುಧಾಗಾರ ಪ್ರಕರಣದಲ್ಲಿ ಲೋಹಜಾಲಿಕೆ, ಶಿರಸ್ತ್ರಾಣ, ಕಂಠತ್ರಾಣ ಮೊದಲಾದ ಹೆಸರುಗಳು ಬಂದಿವೆ. ಕಬ್ಬಿಣದ ಬಳೆಗಳನ್ನು ಒಂದರೊಳಗೊಂದು ಕೋದ ಬಲೆಯಂಗಿಗೆ ಲೋಹಜಾಲಿಕೆಯೆಂತಲೂ, ತಲೆಯ ರಕ್ಷೆಗೆ ಶಿರಸ್ತ್ರಾಣವೆಂತಲೂ ಇಲ್ಲಿ ವ್ಯವಹರಿಸಿದೆ. ಇದು ಹೆಸರಿನ ಸಾಲವೇ ಹೊರತು ವಸ್ತುವಿನ ಸಾಮ್ಯವನ್ನು ಹೇಳುವುದಲ್ಲ. ಸಂಧಿಗಳು ಸಹಿತ ಮೈಯೆಲ್ಲವನ್ನೂ ರೂಪಿಸಿದ ಉಕ್ಕಿನ ಫಲಕಗಳಿಂದ ಮುಚ್ಚುವ ಪದ್ಧತಿಯು 14ನೆಯ ಶತಮಾನದ ಕೊನೆಯಲ್ಲಿಯೂ 15ನೆಯದರ ಆದಿಯಲ್ಲಿಯೂ ಇಟಲಿ, ಜರ್ಮನಿ ಮೊದಲಾದ ದೇಶಗಳಲ್ಲಿ ಪೂರ್ಣತೆಗೆ ಬಂದುದು.

ಪ್ರತಿಕೃತಿಗಳ ಆಸೆ ಹೊಸದೇನೂ ಅಲ್ಲ. 1839ರ ಆಗಸ್ಟ್ ತಿಂಗಳಲ್ಲಿ ಸ್ಕಾಟ್ಲೆಂಡಿನ ಎಗ್ಲಿಂಟನ್ನಿನಲ್ಲಿ ಶ್ರೀಮಂತರು ಮಧ್ಯಯುಗದ ಕಾಳಗದ ಕ್ರೀಡೆಯನ್ನು ಮತ್ತೆ ನಡೆಯಿಸಿದರು. ಅದಕ್ಕೆ ಕವಚಗಳನ್ನು ಒದಗಿಸಿದ ಲಂಡನ್ನಿನ ಸ್ಯಾಮ್ಯುಯೆಲ್ ಪ್ರ್ಯಾಟ್ ಎಂಬ ವ್ಯಾಪಾರಿಯ ಹೆಸರು ಹಳೆಯದೆಂದು ತೋರುವ ಹೊಸ ವಸ್ತುಗಳ ಇತಿಹಾಸದಲ್ಲಿಯೂ ಉಳಿದಿದೆ. ಮಳೆ ಸುರಿದು ಉತ್ಸವವು ಕೆಸರಿನಲ್ಲಿ ಮುಗಿಯಿತು. 1944ರಲ್ಲಿ ಬಂದ ಐದನೆಯ ಹೆನ್ರಿಯ ಚಲಚ್ಚಿತ್ರದಲ್ಲಿ ಫ್ರಾನ್ಸಿನ ಸರದಾರರನ್ನು ರಾಟೆಯ ಯಂತ್ರದಿಂದ ಎತ್ತಿ ಕುದುರೆಯ ಮೇಲೆ ಇಳಿಸುವ ದೃಶ್ಯವಿದೆ. ಅದಕ್ಕೆ ಮಧ್ಯಯುಗದ ಆಧಾರ ಯಾವುದೂ ಇಲ್ಲ. ಆದರೂ ಒಂದು ಪುರಾಣಕಥೆಯಂತೆ ಅದು ಪಾಠಶಾಲೆಗಳವರೆಗೂ ಹಬ್ಬಿದೆ. ಇದಕ್ಕೆ ವಿರುದ್ಧವಾಗಿ, 1409ರ ಸುಮಾರಿನಲ್ಲಿ ರಚಿತವಾದ ಫ್ರಾನ್ಸಿನ ಸೇನಾನಿ ಬೂಸಿಕೋನ ಚರಿತ್ರೆಯು, ಅವನು ಕವಚ ತೊಟ್ಟು ಏಣಿಯ ಹಿಂಬದಿಯಿಂದ ಕೈಗಳ ಬಲದಿಂದಲೇ ಏರುತ್ತಿದ್ದನೆಂದೂ, ಶಿರಸ್ತ್ರಾಣವೊಂದನ್ನು ಬಿಟ್ಟು ಮಿಕ್ಕ ಕವಚದೊಡನೆ ಲಾಗ ಹಾಕುತ್ತಿದ್ದನೆಂದೂ ಹೇಳುತ್ತದೆ. ಸ್ತುತಿಪರವಾದ ಗ್ರಂಥದ ಮಾತನ್ನು ಹಾಗೆಯೇ ನಂಬಬೇಕಾದುದಿಲ್ಲ. ಆದರೆ ಸ್ತುತಿಕಾರನು ತನ್ನ ಕಾಲದ ಕವಚವನ್ನು ನಿತ್ಯವೂ ಕಂಡ ಓದುಗರಿಗಾಗಿ ಬರೆದನೆಂಬುದನ್ನೂ ಮರೆಯಬಾರದು. ಕೇವಲ ಅಸಂಭವವಾದುದನ್ನು ಹೇಳಿದರೆ ಅದು ಸ್ತುತಿಯಾಗದೆ ಪರಿಹಾಸವಾಗುತ್ತಿತ್ತು.

ಮಾತೃಕೆಗಳು ಯಾವುವೆಂಬುದು ಮುಂದಿನ ಪ್ರಶ್ನೆ. 14ನೆಯ ಶತಮಾನದ ಕೊನೆಯ ಕವಚಗಳು ಮೂಲಸ್ಥಾನದಲ್ಲಿಯೇ ಉಳಿದಿರುವುದು ಅತಿ ವಿರಳ. ಇಟಲಿಗೆ ಸೇರಿದ ದಕ್ಷಿಣ ಟಿರೋಲಿನ ಕೂರ್ಬುರ್ಗ್ ದುರ್ಗದಲ್ಲಿರುವ ಸಂಗ್ರಹವು ಅವುಗಳಲ್ಲಿ ಮುಖ್ಯವಾದುದು. ವಿಯೆನ್ನದಲ್ಲಿ ಔಗ್ಸ್‌ಬುರ್ಗಿನ ಲೊರೆನ್ಸ್ ಹೆಲ್ಮ್‌ಷ್ಮಿಡ್ 1484ರ ಸುಮಾರಿನಲ್ಲಿ ರಚಿಸಿದ ಟಿರೋಲಿನ ಸಿಗಿಸ್ಮುಂಡನ ಕವಚವಿದೆ. ಇಂಗ್ಲೆಂಡಿನ ಪಾಡು ಬೇರೆ. ಅಲ್ಲಿಯ 15ನೆಯ ಶತಮಾನದ ಕವಚಗಳಲ್ಲಿ ಉಳಿದವು ಇಲ್ಲವೆನ್ನುವಷ್ಟು ಕಡಮೆ. ಸಮಾಧಿಗಳ ಮೇಲಿನ ಪ್ರತಿಮೆಗಳೇ ಸಾಕ್ಷಿ. ಟೋಬಿಯಸ್ ಕ್ಯಾಪ್ವೆಲ್ ಎಂಬ ವಿದ್ವಾಂಸರು ಈ ಪ್ರತಿಮೆಗಳನ್ನು ಕ್ರಮವಾಗಿ ಪರೀಕ್ಷಿಸಿ, 1400ರಿಂದ 1450ರವರೆಗಿನ ಇಂಗ್ಲೆಂಡಿನ ಕವಚರೀತಿಯನ್ನು ನಿರೂಪಿಸುವ ಗ್ರಂಥವನ್ನು 2015ರಲ್ಲಿ ಹೊರತಂದರು. ಪ್ರತಿಮೆಯಿಂದ ಕವಚವನ್ನು ಊಹಿಸುವುದು ವ್ಯಾಖ್ಯಾನದಿಂದ ಮೂಲವನ್ನು ಊಹಿಸುವಂತಹುದು. ಶಿಲ್ಪಿಯು ಬಲ್ಲವನಾದರೆ ಫಲವು ಶುದ್ಧ, ಅಲ್ಲದಿದ್ದರೆ ಸಂಶಯಿತ. ವಾರಿಕ್ ನಗರದ ಸೇಂಟ್ ಮೇರಿ ದೇವಾಲಯದಲ್ಲಿ 1439ರಲ್ಲಿ ತೀರಿಕೊಂಡ ರಿಚರ್ಡ್ ಬೋಷಂ ಎಂಬ ಅರಸನ ಎರಕದ ಪ್ರತಿಮೆಯು ಬಲ್ಲವನ ಕೆಲಸ. ಅಂಗಾತ ಮಲಗಿರುವ ಆ ಪ್ರತಿಮೆಯ ಬೆನ್ನನ್ನು ಯಾರೂ ಕಾಣುವಂತಿಲ್ಲ. ಆದರೂ ಬೆನ್ನಿನ ಪಟ್ಟಿಗಳು, ಬಿರಡೆಗಳು, ಕೀಲುಗಳು ಎಲ್ಲವೂ ಅಲ್ಲಿ ಎರಕಗೊಂಡಿವೆ. ಕಣ್ಣಿಗೆ ಬೀಳದ ಭಾಗವನ್ನೂ ತಪ್ಪದೆ ಬರೆದ ಲಿಪಿಕಾರನಲ್ಲಿ ಹುಟ್ಟುವಷ್ಟೇ ವಿಶ್ವಾಸವು ಈ ಶಿಲ್ಪಿಯಲ್ಲಿಯೂ ಹುಟ್ಟುತ್ತದೆ.

ಆದರೆ ಪ್ರತಿಮೆಯಾಗಲಿ, ಗಾಜಿನ ಹಿಂದೆ ನಿಂತ ಮೂಲಕವಚವಾಗಲಿ ಆಕಾರವನ್ನು ತೋರಿಸುತ್ತದೆಯೇ ಹೊರತು ದ್ರವ್ಯವನ್ನು ತೋರಿಸುವುದಿಲ್ಲ. ಪ್ರತಿಕೃತಿಗಳ ದೋಷವು ಹೆಚ್ಚಾಗಿ ಇರುವುದು ಇಲ್ಲಿಯೇ. ಅಲನ್ ವಿಲಿಯಮ್ಸ್ ಎಂಬ ಲೋಹಶಾಸ್ತ್ರಜ್ಞರು ಬಹುಸಂಖ್ಯೆಯ ಮೂಲಕವಚಗಳ ಲೋಹವನ್ನು ಸೂಕ್ಷ್ಮದರ್ಶಕದಿಂದ ಪರೀಕ್ಷಿಸಿ 2003ರಲ್ಲಿ ಪ್ರಕಟಿಸಿದ ಮಹಾಗ್ರಂಥವು ಈ ವಿಷಯದಲ್ಲಿ ಎಲ್ಲ ಚರ್ಚೆಗೂ ತಳಹದಿ. ಅದರಿಂದ ತಿಳಿಯುವುದೇನೆಂದರೆ, ಮಧ್ಯಯುಗದ ಕವಚ ಎಂಬ ಒಂದೇ ದ್ರವ್ಯವು ಇರಲೇ ಇಲ್ಲ. ಸಾಮಾನ್ಯ ಕವಚಗಳು ಬರಿಯ ಕಬ್ಬಿಣ ಅಥವಾ ಅಲ್ಪ ಇಂಗಾಲದ ಉಕ್ಕು. ಮಿಲಾನಿನ ಉತ್ತಮ ಕವಚಗಳು ಹೆಚ್ಚು ಇಂಗಾಲದ ಉಕ್ಕಿನಿಂದಾಗಿ, ಕಾಯಿಸಿ ತಣಿಸುವ ಕ್ರಮದಿಂದ ಗಡುಸುಗೊಂಡವು. ಇನ್ಸ್‌ಬ್ರುಕ್, ಔಗ್ಸ್‌ಬುರ್ಗ್ ಮೊದಲಾದೆಡೆಗಳಲ್ಲಿ ಈ ಹದ ಕೊಡುವ ವಿದ್ಯೆಯು ಇನ್ನೂ ಮುಂದುವರಿಯಿತು. ವಿಚಿತ್ರವೆಂದರೆ, 16ನೆಯ ಶತಮಾನದಲ್ಲಿ ಇಟಲಿಯವರು ಕವಚಗಳಿಗೆ ಚಿನ್ನದ ಮುಲಾಮು ಹೆಚ್ಚಿಸಿದಂತೆ ಹದ ಕೊಡುವುದನ್ನು ಬಿಟ್ಟುಕೊಟ್ಟರು. ಮುಲಾಮಿನ ಬೆಂಕಿಯು ಹದವನ್ನು ಕೆಡಿಸುತ್ತದೆ. ಅಲಂಕಾರವು ಹೆಚ್ಚಿ ಅರ್ಥವು ಸೊರಗಿದ ಕಾವ್ಯಗಳನ್ನು ಬಲ್ಲವರಿಗೆ ಇದು ಆಶ್ಚರ್ಯವೆನಿಸದು.

ಇದಲ್ಲದೆ ಹಿಂದಿನ ಕಬ್ಬಿಣದಲ್ಲಿ ಕಿಟ್ಟವು ಎಳೆಎಳೆಯಾಗಿ ಉಳಿದಿರುತ್ತಿತ್ತು. ಕುಲುಮೆಯಿಂದ ಬಂದ ಮುದ್ದೆಯನ್ನು ಬಡಿದು ಬಡಿದು ತಗಡು ಮಾಡುವಾಗ ಅದರಲ್ಲಿ ಬಹುಭಾಗ ಹೊರಬೀಳುತ್ತಿದ್ದರೂ ಪೂರ್ತಿಯಾಗಿ ಹೋಗುತ್ತಿರಲಿಲ್ಲ. ಪೆಟ್ಟು ಬಿದ್ದಾಗ ಬಿರುಕು ಹೊರಡುವುದು ಆ ಕಿಟ್ಟದ ಎಳೆಯಿಂದ. ಇಂದಿನ ಕಮ್ಮಾರನು ಕೊಳ್ಳುವ ಉಕ್ಕಿನ ತಗಡಾದರೋ ಯಂತ್ರದ ಉರುಳೆಗಳ ನಡುವೆ ಹಾಯ್ದು ಬಂದುದು; ಕಿಟ್ಟವಿಲ್ಲ, ಎಲ್ಲೆಡೆಯೂ ಒಂದೇ ದಪ್ಪ. ಮೂಲದ ಎದೆಕವಚವು ನಡುವೆ ದಪ್ಪವಾಗಿ ಅಂಚುಗಳ ಕಡೆಗೆ ತೆಳುವಾಗುತ್ತದೆ. ಕೈಕಾಲುಗಳ ಫಲಕಗಳು ಅದಕ್ಕಿಂತಲೂ ತೆಳು. ಒಂದೇ ದಪ್ಪದ ತಗಡಿನಿಂದ ಮಾಡಿದ ಪ್ರತಿಕೃತಿಯು ಎದೆಯಲ್ಲಿ ಮೂಲಕ್ಕಿಂತ ದುರ್ಬಲವಾಗಿಯೂ ತೋಳಿನಲ್ಲಿ ಮೂಲಕ್ಕಿಂತ ಭಾರವಾಗಿಯೂ ಆಗುವುದುಂಟು. ತಪ್ಪು ಬರೆಯುವ ಅಜ್ಞ ಲಿಪಿಕಾರನಿಗಿಂತ, ತಿದ್ದಿ ಬರೆಯುವ ಪಂಡಿತ ಲಿಪಿಕಾರನಿಂದಲೇ ಸಂಪಾದಕನಿಗೆ ಹೆಚ್ಚು ತೊಡಕು. ಮೊದಲನೆಯವನ ದೋಷವು ಕಣ್ಣಿಗೆ ಹೊಡೆಯುತ್ತದೆ. ಎರಡನೆಯವನದು ನಯವಾಗಿ ಮರೆಯಾಗುತ್ತದೆ. ಇಂದಿನ ತಗಡು ಅಂತಹ ತಿದ್ದಿದ ಪಾಠ.

ನಡಿಗೆಯ ಪ್ರಯೋಗಗಳಲ್ಲಿ ಪ್ರಸಿದ್ಧವಾದುದು, ಲೀಡ್ಸ್ ವಿಶ್ವವಿದ್ಯಾನಿಲಯದ ಗ್ರಹಾಂ ಆಸ್ಕ್ಯೂ ಮತ್ತು ಸಂಗಡಿಗರು ನಡೆಯಿಸಿ, ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ 2012ರಲ್ಲಿ ಮುದ್ರಿತವಾದುದು. ಪ್ರತಿಕೃತಿಕವಚಗಳನ್ನು ತೊಟ್ಟವರನ್ನು ಚಲಿಸುವ ಪಟ್ಟಿಯ ಮೇಲೆ ನಡೆಯಿಸಿ ಉಸಿರನ್ನು ಅಳೆದಾಗ, ನಡಿಗೆಯ ಶ್ರಮವು ಕವಚವಿಲ್ಲದ ನಡಿಗೆಗಿಂತ 2.1ರಿಂದ 2.3 ಪಾಲು, ಓಟದ ಶ್ರಮವು 1.9 ಪಾಲು ಆಯಿತು. ಅಷ್ಟೇ ಭಾರವನ್ನು ಮುಂಡದ ಮೇಲೆ ಮಾತ್ರ ಹೊತ್ತರೆ ಇಷ್ಟು ಶ್ರಮವಾಗದು. ಕಾಲುಗಳಿಗೆ ಕಟ್ಟಿದ ಉಕ್ಕನ್ನು ಹೆಜ್ಜೆಹೆಜ್ಜೆಗೂ ಬೀಸಬೇಕಾಗುವುದೂ, ಎದೆ ಬಿಗಿದು ಉಸಿರು ಸರಾಗವಾಗದಿರುವುದೂ ಕಾರಣವೆಂದು ಅವರು ತೋರಿಸಿದರು. ಈ ಕಾರಣವಿವೇಚನೆಯು ಶ್ಲಾಘ್ಯವಾದುದು. ಭಾರದ ಮೊತ್ತಕ್ಕಿಂತ ಭಾರವಿರುವ ಸ್ಥಾನವು ಮುಖ್ಯವೆಂದು ಅಳತೆಯಿಂದ ಸಿದ್ಧವಾಯಿತು. ಆದರೆ 15ನೆಯ ಶತಮಾನದ ಯುದ್ಧಕವಚದ ತೂಕ 30ರಿಂದ 50 ಕಿಲೋಗ್ರಾಂ ಎಂದು ಅವರು ಇಟ್ಟುಕೊಂಡ ಲೆಕ್ಕವು ಒಪ್ಪತಕ್ಕದ್ದಲ್ಲ. ಉಳಿದಿರುವ ಯುದ್ಧಕವಚಗಳ ಫಲಕಗಳು ಸಾಮಾನ್ಯವಾಗಿ 20ರಿಂದ 25 ಕಿಲೋಗ್ರಾಂ ತೂಗುತ್ತವೆ. ಲೋಹಜಾಲಿಕೆಯ ತುಂಡುಗಳನ್ನೂ ಒಳಯಂಗಿಯನ್ನೂ ಕೂಡಿಸಿದರೆ 30ರ ಹತ್ತಿರಕ್ಕೆ ಬಂದೀತು. 40 ದಾಟಿದುದು ಹೆಚ್ಚಾಗಿ ಕ್ರೀಡೆಯ ಕಾಳಗದ ಕವಚ. ಅದನ್ನು ತೊಟ್ಟವನು ಕುದುರೆಯ ಮೇಲೆ ಕುಳಿತಿರುತ್ತಿದ್ದನೇ ವಿನಾ ಗಾವುದ ನಡೆಯುತ್ತಿರಲಿಲ್ಲ.

ಇನ್ನೊಂದು ಆಕ್ಷೇಪವೂ ಉಂಟು. ಮೂಲಕವಚವು ಒಡೆಯನ ಮೈಯಳತೆಗೆ ರಚಿತವಾದುದು. ಎದೆಕವಚವು ಸೊಂಟದಲ್ಲಿ ಸರಿಯಾಗಿ ಕುಳಿತರೆ ಭಾರವು ಹೆಗಲಿನಿಂದ ನಡುವಿಗೆ ಇಳಿಯುತ್ತದೆ. ಸೊಂಟದ ಸ್ಥಾನ ಎರಡು ಅಂಗುಲ ತಪ್ಪಿದರೆ ಉಸಿರಿಗೂ ನಡೆಗೂ ಅಡ್ಡಿ. ಇದನ್ನು ಅರಿತು ಅಳತೆಯ ಪ್ರತಿಕೃತಿಗಳಿಂದ ಪರೀಕ್ಷಿಸುವ ಕೆಲಸವೂ ನಡೆದಿದೆ. ಡೇನಿಯಲ್ ಜಾಕೆ ಮತ್ತು ಸಂಗಡಿಗರು 2016ರಲ್ಲಿ ಪ್ರಕಟಿಸಿದ ಲೇಖನದ ಹಿರಿಮೆಯು, ಮಧ್ಯಯುಗದ ಕಾಳಗಶಾಸ್ತ್ರದ ಗ್ರಂಥಗಳನ್ನೂ ಚಲನೆಯ ಅಳತೆಗಳನ್ನೂ ಎದುರುಬದುರಾಗಿ ಇಟ್ಟುದರಲ್ಲಿದೆ. ಗ್ರಂಥವನ್ನು ಬಿಟ್ಟ ಪ್ರಯೋಗವು ಕುರುಡು, ಪ್ರಯೋಗವನ್ನು ಬಿಟ್ಟ ಗ್ರಂಥವಾಚನವು ಕುಂಟು ಎಂಬುದು ಅಲ್ಲಿ ಅಂಗೀಕೃತವಾಗಿದೆ.

ಬಾಣದ ಪ್ರಯೋಗಕ್ಕೆ ಬರೋಣವಾಗಲಿ. 1415ರ ಅಕ್ಟೋಬರ್ 25ರಂದು ನಡೆದ ಅಜಿನ್‌ಕೋರ್ಟ್ ಯುದ್ಧವನ್ನು ಮನಸ್ಸಿನಲ್ಲಿಟ್ಟುಕೊಂಡು, 2019ರಲ್ಲಿ ಇಂಗ್ಲೆಂಡಿನಲ್ಲಿ ಕಮ್ಮಾರ, ಬಿಲ್ಲುಗಾರ, ಬಾಣಕಾರರೂ ಮೇಲೆ ಹೇಳಿದ ಕ್ಯಾಪ್ವೆಲ್ಲರೂ ಸೇರಿ ಒಂದು ಪರೀಕ್ಷೆ ನಡೆಯಿಸಿದರು. ಕೂರ್ಬುರ್ಗಿನ ಮಾತೃಕೆಯನ್ನು ಅನುಸರಿಸಿ, ನಡುವೆ ಎರಡೂವರೆ ಮಿಲಿಮೀಟರು, ಅಂಚಿನಲ್ಲಿ ಒಂದೂವರೆಯಾಗುವಂತೆ ಬಡಿದ ಎದೆಕವಚ. 160 ಪೌಂಡು ಸೆಳೆತದ ಬಿಲ್ಲು. ಸುಮಾರು 25 ಮೀಟರು ದೂರ. ಬಾಣಗಳು ಎದೆಕವಚವನ್ನು ಭೇದಿಸಲಿಲ್ಲ. ದಂಡಗಳು ಸಿಡಿದು ಚೂರಾದವು, ಕೆಲವು ಚೂರುಗಳು ಕುತ್ತಿಗೆಯ ಕಡೆಗೆ ಹಾರಿದವು. ಅನೇಕ ಮೂಲಗಳ ಎದೆಯ ಮೇಲ್ಭಾಗದಲ್ಲಿ ಬೆಸೆದಿರುವ ಏಣು ಯಾತಕ್ಕೆಂದು ಕೇಳುವವರಿಗೆ ಆ ಚೂರುಗಳೇ ಉತ್ತರ. ದಪ್ಪದ ತಾರತಮ್ಯವನ್ನೂ ಉಕ್ಕಿನ ಜಾತಿಯನ್ನೂ ಇಷ್ಟು ಲಕ್ಷ್ಯವಿಟ್ಟು ಅನುಸರಿಸಿದ ಪ್ರಯೋಗ ಇನ್ನೊಂದು ದೊರೆಯುವುದು ಕಷ್ಟ.

ಆದರೆ ಇದರಿಂದ ‘ಬಾಣಗಳು ಅಜಿನ್‌ಕೋರ್ಟಿನಲ್ಲಿ ನಿಷ್ಫಲವಾದುವು’ ಎಂದು ಹೇಳಹೊರಟವರು ತರ್ಕವನ್ನು ಮರೆತರು. ಬೆಂಕಿಯಿದ್ದಲ್ಲೆಲ್ಲ ಹೊಗೆಯಿದೆಯೆಂಬ ಅನುಮಾನಕ್ಕೆ ಹಸಿಸೌದೆಯ ಸಂಯೋಗವು ಉಪಾಧಿಯೆಂದು ತರ್ಕದ ಬಾಲಪಾಠವೇ ಹೇಳುತ್ತದೆ. ಇಲ್ಲಿಯೂ ಫಲಕಕವಚವಿದ್ದಲ್ಲೆಲ್ಲ ರಕ್ಷಣೆಯಿದೆಯೆಂಬುದಕ್ಕೆ ಎದೆಯ ದಪ್ಪ ಮತ್ತು ಉಕ್ಕಿನ ಇಂಗಾಲ ಉಪಾಧಿಗಳು. ಆ ದಿನ ಬರಿಯ ಕಬ್ಬಿಣ ತೊಟ್ಟವರೂ ಇದ್ದಿರಬೇಕು. ಅವರ ತೋಳು, ತೊಡೆ, ಕಂಕುಳುಗಳಲ್ಲಿ ಎರಡೂವರೆ ಮಿಲಿಮೀಟರು ಉಕ್ಕಿರಲಿಲ್ಲ. ಅದೇ ಪ್ರಯೋಗದಲ್ಲಿ ಎದೆಕವಚದ ಕೆಳಗೆ ಬಿದ್ದ ಬಾಣವು ಲೋಹಜಾಲಿಕೆಯನ್ನು ದಾಟಿಹೋಯಿತು. ಐದನೆಯ ಹೆನ್ರಿಯೊಡನೆ ಇದ್ದ ಪುರೋಹಿತನು ಬರೆದ ಲ್ಯಾಟಿನ್ ವೃತ್ತಾಂತವು ಬಾಣಗಳು ಭೇದಿಸಿದವೆಂದು ಹೇಳುವುದು ಶಿರಸ್ತ್ರಾಣಗಳ ಪಕ್ಕಗಳನ್ನೂ ಮುಖದ ಮುಸುಕುಗಳನ್ನೂ ಕುರಿತು, ಎದೆಕವಚವನ್ನು ಕುರಿತಲ್ಲ. ಗ್ರಂಥಕ್ಕೂ ಪ್ರಯೋಗಕ್ಕೂ ಇಲ್ಲಿ ವಿರೋಧವೇ ಇಲ್ಲ. ವಿರೋಧವನ್ನು ಕಲ್ಪಿಸಿದವರು ಗ್ರಂಥವನ್ನು ಸಾವಧಾನವಾಗಿ ಓದದವರು. ಬಾಣದ ಕಡೆಯ ಸಂಶಯವೂ ಉಳಿದಿದೆ. 1545ರಲ್ಲಿ ಮುಳುಗಿ 1982ರಲ್ಲಿ ಮೇಲೆದ್ದ ಮೇರಿ ರೋಸ್ ಹಡಗಿನಲ್ಲಿ ನೂರಕ್ಕೆ ಮಿಕ್ಕ ಬಿಲ್ಲುಗಳೂ ಸಾವಿರಗಟ್ಟಲೆ ಬಾಣದಂಡಗಳೂ ದೊರೆತವು, ಬಿಲ್ಲಿನ ಬಲವು ಅವುಗಳಿಂದ ನಿಶ್ಚಿತವಾಯಿತು. ಕಬ್ಬಿಣದ ಮೊನೆಗಳನ್ನು ಮಾತ್ರ ಸಮುದ್ರವು ತಿಂದುಹಾಕಿತ್ತು.

2010ರಿಂದ ಈಚೆಗೆ ಪ್ರಚಾರಕ್ಕೆ ಬಂದ ಕವಚಕಾಳಗದ ಪಂದ್ಯಗಳನ್ನು ಪ್ರಮಾಣವಾಗಿ ಎತ್ತುವವರೂ ಇದ್ದಾರೆ. ಅಲ್ಲಿ ಆಯುಧಗಳು ಮೊಂಡು, ತಿವಿಯುವುದು ನಿಷಿದ್ಧ, ತಲೆಗೆ ಮೂಲಕ್ಕಿಂತ ದಪ್ಪವಾದ ಶಿರಸ್ತ್ರಾಣ, ಮೈಗೆ ಕೆಲವೊಮ್ಮೆ ಉಕ್ಕಿನ ಐದರಲ್ಲಿ ಮೂರು ಪಾಲೂ ತೂಗದ ಟೈಟೇನಿಯಂ ಲೋಹ. ಅದು ಆರೋಗ್ಯಕರವಾದ ವ್ಯಾಯಾಮ. ಇತಿಹಾಸಕ್ಕೆ ಅದರ ಸಾಕ್ಷ್ಯವು ಸಲ್ಲದು.

ಬಹಳ ಮಂದಿ ಪ್ರತಿಕೃತಿಕಾರರು ಲಕ್ಷ್ಯವಿಡದ ಇನ್ನೊಂದು ಅಂಗವೆಂದರೆ ಒಳಯಂಗಿ. ಈಗ ನ್ಯೂಯಾರ್ಕಿನ ಮಾರ್ಗನ್ ಗ್ರಂಥಾಲಯದಲ್ಲಿರುವ, ಹಿಂದೆ ಹೇಸ್ಟಿಂಗ್ಸ್ ಮನೆತನಕ್ಕೆ ಸೇರಿದ್ದ 15ನೆಯ ಶತಮಾನದ ಕೈಬರಹದಲ್ಲಿ, ಒಬ್ಬನು ಸುಖವಾಗಿ ಕವಚ ತೊಡುವ ಕ್ರಮವು ವಿವರವಾಗಿದೆ. ಕವಚದ ಒಳಗೆ ಅಂಗಿಯನ್ನು ತೊಡಬಾರದು. ರೇಷ್ಮೆಯ ಒಳಪದರವುಳ್ಳ ದಪ್ಪಬಟ್ಟೆಯ ಕುಪ್ಪಸವನ್ನು ಮಾತ್ರ ತೊಡತಕ್ಕದ್ದು. ಅದರಲ್ಲಿ ಗಾಳಿಯಾಡಲು ರಂಧ್ರಗಳಿರಬೇಕು. ಕಂಕುಳಿಗೂ ಮೊಣಕೈ ಮಡಿಕೆಗೂ ಲೋಹಜಾಲಿಕೆಯ ತುಂಡುಗಳನ್ನು ಹೊಲಿಯಬೇಕು. ಫಲಕಗಳನ್ನು ಕಟ್ಟುವ ದಾರವು ಅಡ್ಡಬಿಲ್ಲಿನ ಹೆದೆಗೆ ಬಳಸುವಂಥ ಹುರಿಯಾಗಿದ್ದು, ಮೇಣ ತೀಡಿದುದಾಗಿರಬೇಕು. ಆ ಕುಪ್ಪಸವನ್ನು ಬಿಟ್ಟು ಸಾಮಾನ್ಯವಾದ ಹತ್ತಿಯಂಗಿಯ ಮೇಲೆ ಚರ್ಮದ ಪಟ್ಟಿಗಳಿಂದ ಫಲಕಗಳನ್ನು ಬಿಗಿದುಕೊಂಡವನ ಬೆವರನ್ನೂ ಏದುಸಿರನ್ನೂ ಅಳೆದು ಹಿಂದಿನವರಿಗೆ ಆರೋಪಿಸುವ ಮುನ್ನ, ಆ ಒಂದು ಪತ್ರವನ್ನು ಓದಿ, ದಾರಕ್ಕೆ ಮೇಣ ತೀಡಿ, ಮತ್ತೊಮ್ಮೆ ಅಳೆಯುವುದು ಯುಕ್ತ.