ರೋಮದ ಮೀನು ಮೊದಲು, ಮೃಗ ಆಮೇಲೆ

ಕ್ರಿಸ್ತೋಫ್ ಗಾನ್ಸ್ ನಿರ್ದೇಶಿಸಿದ 2001ರ ಫ್ರೆಂಚ್ ಚಿತ್ರ ‘ಬ್ರದರ್‌ಹುಡ್ ಆಫ್ ದಿ ವುಲ್ಫ್’ ನೋಡಿ ಬಂದವರು ಸಾಮಾನ್ಯವಾಗಿ ಎರಡೇ ಮಾತಾಡುತ್ತಾರೆ: ಫೈಟು ಜೋರಾಗಿದೆ, ಮೃಗದ ಗ್ರಾಫಿಕ್ಸ್ ಸಪ್ಪೆ. ಮೃಗ ಯಾವಾಗ ಬಂದೀತೆಂದು ಗಡಿಯಾರ ನೋಡುತ್ತ ಕೂತವರಿಗೆ ಈ ಚಿತ್ರ ದಕ್ಕುವುದಿಲ್ಲ. ನೋಡಬೇಕಾದದ್ದು ಒಂದು ಮೀನನ್ನು. ಜನರನ್ನು ಕೊಲ್ಲುತ್ತಿರುವ ಮೃಗದ ಪತ್ತೆಗೆಂದು ಫ್ರಾನ್ಸಿನ ಜೆವೊದಾನ್ ಸೀಮೆಗೆ ಬಂದ ಪ್ರಕೃತಿವಿಜ್ಞಾನಿ ಫ್ರಾನ್ಸಾಕ್, ಅಲ್ಲಿನ ಶ್ರೀಮಂತರ ಊಟದ ಕೂಟದಲ್ಲಿ, ಕೆನಡಾದ್ದೆಂದು ಹೇಳಿ, ಮೈತುಂಬ ರೋಮವಿರುವ ಟ್ರೌಟ್ ಮೀನೊಂದನ್ನು ತೋರಿಸುತ್ತಾನೆ. ಆಮೇಲೆ ಅದು ಕೈಚಳಕದ ಮೀನೆಂದು ಅವನೇ ಒಪ್ಪಿಕೊಳ್ಳುತ್ತಾನೆ. ಒಂದರ ಮೈಗೆ ಇನ್ನೊಂದರ ತೊಗಲು ಹೊದಿಸಿ ಕಣ್ಣೆದುರಿಟ್ಟರೆ ಓದಿಕೊಂಡವರೂ ನಂಬುತ್ತಾರೆ ಎಂಬುದು ಅಲ್ಲಿಗೆ ಸಾಬೀತಾಯಿತು. ಮುಂದೆ ರಾಜನ ಕಡೆಯವರು ಬರೀ ತೋಳವೊಂದನ್ನು ಹೊಡೆದು, ಅದನ್ನೇ ಘೋರಮೃಗವಾಗಿಸುವ ಕೆಲಸವನ್ನು ಇದೇ ಫ್ರಾನ್ಸಾಕ್‌ಗೆ ಒಪ್ಪಿಸುತ್ತಾರೆ. ತಮಾಷೆಗೆ ಕಲಿತ ವಿದ್ಯೆ ಸರ್ಕಾರಿ ಸುಳ್ಳಿನ ಚಾಕರಿಗೆ ಬೀಳುತ್ತದೆ. ಇದಕ್ಕೆ ಚರಿತ್ರೆಯ ಆಧಾರವೂ ಇದೆ. ಜೆವೊದಾನ್ ಸೀಮೆಯಲ್ಲಿ 1764ರಿಂದ 1767ರವರೆಗೆ ಸುಮಾರು ನೂರು ಜನ, ಹೆಚ್ಚಾಗಿ ಹೆಂಗಸರು ಮಕ್ಕಳು, ಇಂಥದೇ ಮೃಗದ ದಾಳಿಗೆ ಸತ್ತರು. 15ನೇ ಲೂಯಿ ಕಳಿಸಿದ ಫ್ರಾಂಸ್ವಾ ಆಂತ್ವಾನ್ 1765ರಲ್ಲಿ ದೊಡ್ಡ ತೋಳ ಹೊಡೆದ. ಅದು ಅರಮನೆಯವರೆಗೂ ಹೋಯಿತು. ಬೇಟೆ ಮುಗಿಯಿತೆಂದು ಸಾರಿದ್ದೂ ಆಯಿತು. ಇತ್ತ ಹಳ್ಳಿಗಳಲ್ಲಿ ಹೆಣ ಬೀಳುವುದು ಮಾತ್ರ ನಿಲ್ಲಲಿಲ್ಲ.

ಹದಿನೆಂಟನೇ ಶತಮಾನದ ಫ್ರಾನ್ಸಿನಲ್ಲಿ ಫ್ರಾನ್ಸಾಕ್‌ನ ಸಂಗಾತಿ, ಉತ್ತರ ಅಮೆರಿಕದ ಇರೊಕ್ವಾ ಬುಡಕಟ್ಟಿನ ಮಾನಿ, ಹಾಂಗ್‌ಕಾಂಗ್ ವರಸೆಯಲ್ಲಿ ಒದೆಯುವುದು ಕಲಸುಮೇಲೋಗರವಲ್ಲವೇ ಎನ್ನುವವರಿದ್ದಾರೆ. ಹೌದು, ಬೇಕೆಂದೇ ಮಾಡಿದ ಕಲಸುಮೇಲೋಗರ. ಹೊಡೆದಾಟ ಸಂಯೋಜಿಸಿದ ಫಿಲಿಪ್ ಕ್ವಾಕ್, ಸಂಕಲಿಸಿದ ಡೇವಿಡ್ ವು ಇಬ್ಬರೂ ಹಾಂಗ್‌ಕಾಂಗ್ ಚಿತ್ರರಂಗದಲ್ಲಿ ಪಳಗಿದವರು. ಮೃಗವನ್ನು ಮಾಡಿದ್ದು ಜಿಮ್ ಹೆನ್ಸನ್ ಕಾರ್ಯಾಗಾರ. ಚಿತ್ರವೇ ಒಂದು ರೋಮದ ಮೀನು. ಹೊಲಿಗೆಯನ್ನು ಅದು ಮುಚ್ಚಿಡುವುದೂ ಇಲ್ಲ. ಸಾಲದ್ದಕ್ಕೆ ಇಡೀ ಕತೆ, ಫ್ರೆಂಚ್ ಕ್ರಾಂತಿಯ ಜನ ಬಾಗಿಲಿಗೆ ಬಂದಿರುವಾಗ ಮುದಿ ಮಾರ್ಕ್ವಿಸ್ ಒಬ್ಬ ಬರೆಯುತ್ತಿರುವ ನೆನಪು. ಅದರಲ್ಲಿ ಎಷ್ಟು ಕಂಡದ್ದು, ಎಷ್ಟು ಕಟ್ಟಿದ್ದು? ಹಾಗಾದರೆ ಪ್ರತಿಯೊಂದು ಮಸಾಲೆ ಚಿತ್ರಕ್ಕೂ ಇದೇ ಸಮರ್ಥನೆ ಸಾಕಲ್ಲ ಎಂದರೆ, ಸಾಲದು. ಅಲ್ಲಿ ಹಾಡು ತೆಗೆದರೂ ಫೈಟು ತೆಗೆದರೂ ಕತೆ ಹೇಗೋ ಸಾಗುತ್ತದೆ. ಇಲ್ಲಿ ವಿಗ್ಗು ತೊಟ್ಟ ಆ ಶ್ರೀಮಂತ ಲೋಕವನ್ನು ತೆಗೆದರೆ ಮೃಗಕ್ಕೆ ಕಾರಣವೇ ಉಳಿಯುವುದಿಲ್ಲ: ಅದು ಕೂಡ ಮನುಷ್ಯರೇ ಪಳಗಿಸಿ, ಕವಚ ತೊಡಿಸಿ, ರಾಜನ ಮೇಲಿನ ಹಗೆಗೆ ಜನರ ಮೇಲೆ ಛೂ ಬಿಟ್ಟ ಪ್ರಾಣಿ. ಗ್ರಾಫಿಕ್ಸ್ ಅಲ್ಲಲ್ಲಿ ಸಪ್ಪೆ ಎಂಬುದು ಸುಳ್ಳಲ್ಲ. ವೇಶ್ಯಾಗೃಹದ ದೃಶ್ಯಗಳನ್ನಂತೂ ಅರ್ಧಕ್ಕರ್ಧ ಕತ್ತರಿಸಿದ್ದರೂ ನಷ್ಟವಿರಲಿಲ್ಲ.