ಯಾರೂ ಓದದ ಪುಟ

ನಮ್ಮ ವಿಮರ್ಶೆ ದಲಿತ ಕೃತಿಯ ಭಾಷೆ, ಸಂವೇದನೆ, ಸಿಟ್ಟು ಎಲ್ಲವನ್ನೂ ಓದಿದೆ. ಓದದೆ ಬಿಟ್ಟದ್ದು ಶೀರ್ಷಿಕೆಯ ಹಿಂದಿನ ಪುಟ. ಪ್ರಕಾಶಕರು ಯಾರು, ಹಕ್ಕು ಯಾರದು, ಪ್ರತಿ ಎಷ್ಟು? ಯಜಮಾನಿಕೆ ಅಲ್ಲೇ ಕೂತಿರುತ್ತೆ.

ಕುಣಿಗಲ್ ಕೆರೆಯ ಪದವನ್ನೇ ತಗೊಳ್ಳಿ. ಕಟ್ಟಿದ ಬಾಯಿಗೆ ಹೆಸರಿಲ್ಲ; ಅಚ್ಚಾದ ಸಂಕಲನದ ಮೇಲೆ ಸಂಪಾದಕರ ಹೆಸರಿದೆ. ಗುಬ್ಬಿಯದು ಬೇರೆ ಪಾಠ. 1884ರಲ್ಲಿ ಅಲ್ಲಿ ಹುಟ್ಟಿದ ನಾಟಕ ಕಂಪನಿ ಟಿಕೆಟ್ಟಿನ ಕಾಸಿನ ಮೇಲೆ ಬೆಳೀತು. ಕಲೆಗೂ ಲೆಕ್ಕದ ಪುಸ್ತಕ ಬೇಕು.

ಬಾಬಾಸಾಹೇಬರಿಗೆ ಇದು ಗೊತ್ತಿತ್ತು. 1936ರಲ್ಲಿ ಲಾಹೋರಿನ ಮಂಡಲ ಅವರ ಭಾಷಣವನ್ನು ತಿದ್ದಿಸಲು ನೋಡಿತು. ಅವರು ತಿದ್ದಲಿಲ್ಲ. ಭಾಷಣ ನಡೆಯಲೇ ಇಲ್ಲ. 'ಜಾತಿ ವಿನಾಶ'ವನ್ನು ತಾವೇ 1500 ಪ್ರತಿ ಹಾಕಿಸಿದರು. ಎರಡೇ ತಿಂಗಳಲ್ಲಿ ಮುಗಿದವು.

ತುಮಕೂರಿನಲ್ಲಿ ಇವತ್ತು ಪ್ರಕಾಶನ ಶುರುಮಾಡೋದು ಕಷ್ಟವಲ್ಲ. ಡಿಟಿಪಿ ಇದೆ, ಐಎಸ್‌ಬಿಎನ್ ಪುಕ್ಕಟೆ. ಕಷ್ಟ ಇರೋದು ಎರಡನೇ ಪುಸ್ತಕಕ್ಕೆ. ಮೊದಲನೆಯದರ ದುಡ್ಡು ಅಂಗಡಿಗಳಲ್ಲಿ ಬಾಕಿ. ಉಳಿದ ಕಟ್ಟುಗಳು ಗ್ರಂಥಾಲಯ ಇಲಾಖೆಯ ಸಗಟು ಖರೀದಿಗೆ ಕಾಯುತ್ತಾ ಮಂಚದ ಕೆಳಗೆ. ಪಿತ್ರಾರ್ಜಿತ ಇದ್ದವನು ಕಾಯ್ತಾನೆ. ಕೈಸಾಲ ತಂದವನು? ಕಾಯುವ ತಾಕತ್ತಿಗೂ ಜಾತಿ ಇದೆ.

ಇದು ಬರೀ ವ್ಯಾಪಾರದ ಮಾತಲ್ಲ. ಸಾಲ ತೀರಿಸಬೇಕಾದವನು ಆಯ್ಕೆ ಸಮಿತಿಗೆ ರುಚಿಸುವ ಹಸ್ತಪ್ರತಿಯನ್ನೇ ಹುಡುಕತೊಡಗುತ್ತಾನೆ. ಇದೇ ಊರಿನಲ್ಲಿ ಬಾಳಿದ ಕೆ.ಬಿ. ಸಿದ್ದಯ್ಯನವರ 'ಬಕಾಲ' ಯಾವ ಸಮಿತಿಯ ರುಚಿಗೆ ಬರೆದ ಕಾವ್ಯ? ಅಂಥದನ್ನು ಅಚ್ಚುಹಾಕೋ ಧೈರ್ಯ ಬರಬೇಕಾದರೆ ಮುಂಗಡ ಕೊಟ್ಟು ಕಾಯುವ ನೂರಿನ್ನೂರು ಓದುಗರು ಬೇಕು. ಆಸ್ತಿ ತೆರಿಗೆಯ ಜೊತೆ ಗ್ರಂಥಾಲಯ ಕರ ಕಟ್ಟುವ ಜನ, ಪುಸ್ತಕ ಆರಿಸೋರು ಯಾರು ಅಂತ ಕೇಳಲೂ ಬೇಕು.

ದಲಿತ ವಿಮರ್ಶೆ ಆ ಪುಟದಿಂದ ಶುರುವಾಗಲಿ.